ಹೊಲದಡಿಯ ಗ್ಯಾಸ್ ಪೈಪಿಗೂ ಗೇಣಿ ಬೇಕು

ನಮಸ್ಕಾರ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಚಿತ್ರದುರ್ಗ ಜಿಲ್ಲೆಯ ಒಂದು ತೆಂಗಿನ ತೋಟಕ್ಕೆ ಹೋಗಿದ್ದೆ. ಒಳ್ಳೆ ಫಸಲಿನ ತೋಟ. ಆದರೆ ನಟ್ಟ ನಡುವೆ ಬೈತಲೆ ತೆಗೆದ ಹಾಗೆ ಉದ್ದಕ್ಕೂ ಒಂದು ಪಟ್ಟಿ ಬೋಳಾಗಿತ್ತು. ಆ ಪಟ್ಟಿಯಲ್ಲಿ ಒಂದೂ ಮರ ಇಲ್ಲ. ಶೇಂಗಾ ಕಿತ್ತ ಮೇಲೆ ಉಳಿದ ಒಣ ಬಳ್ಳಿ ಅಲ್ಲಲ್ಲಿ ಬಿದ್ದಿತ್ತು. ಅಂಚಿನಲ್ಲಿ ಸೊಂಟದೆತ್ತರದ ಒಂದು ಹಳದಿ ಕಂಬ, ಅದರ ಮೇಲೆ ಒಂದು ನಂಬರು, ಇಲ್ಲಿ ಅಗೆಯಬಾರದು ಅನ್ನುವ ಎಚ್ಚರಿಕೆ.

ತೋಟದ ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಎಳನೀರು ಕೆತ್ತಿ ಕೈಗೆ ಕೊಡುತ್ತಾ ಕೇಳಿದರು: "ಇದ್ರೊಳಗೆ ಹೋಗೋದು ನಿಮ್ಮ ಬೆಂಗ್ಳೂರಿನ ಒಲೆಗಂತೆ. ಹೌದಾ ಸಾ?"

ಹೌದು ಅಂದೆ. ನಮ್ಮ ಮನೆಗೇ ಬರುತ್ತೆ. ಅವರ ಮನೆಯಲ್ಲಿ ಈಗಲೂ ಸಿಲಿಂಡರ್, ಬಚ್ಚಲ ಹಂಡೆಗೆ ತೆಂಗಿನ ಗರಿ, ಮಟ್ಟೆ.

ಆ ಗ್ಯಾಸ್ ಎಲ್ಲಿಂದ ಹೊರಡುತ್ತೆ, ಯಾರ ಯಾರ ಕೈ ದಾಟಿ ಬರುತ್ತೆ, ದಾರಿಯಲ್ಲಿ ಯಾರ ಯಾರಿಗೆ ಎಷ್ಟೆಷ್ಟು ಸಲ್ಲುತ್ತೆ ಅಂತ ಇವತ್ತು ಹೇಳ್ತೀನಿ. ಆ ಲೆಕ್ಕದಲ್ಲಿ ಒಬ್ಬರ ಹೆಸರು ಬಿಟ್ಟುಹೋಗಿದೆ ಅನ್ನೋದು ನನ್ನ ತಕರಾರು.

ನಮ್ಮ ದೇಶದಲ್ಲೂ ಗ್ಯಾಸ್ ಸಿಗುತ್ತೆ. ಮುಂಬೈ ಕಡಲಿನ ಬಾಂಬೆ ಹೈ ನಿಕ್ಷೇಪ 1974ರಲ್ಲೇ ಪತ್ತೆಯಾಯ್ತು. ಆಂಧ್ರದ ಕರಾವಳಿಯಾಚೆ ಕೃಷ್ಣಾ-ಗೋದಾವರಿ ಕಡಲಿನಲ್ಲಿ 2009ರಲ್ಲಿ ಉತ್ಪಾದನೆ ಶುರುವಾದಾಗ ಇನ್ನು ದೇಶದ ಬರ ತೀರಿತು ಅಂದುಕೊಂಡಿದ್ದರು. ಒಂದೆರಡು ವರ್ಷದಲ್ಲಿ ಅದು ಇಳಿಮುಖವಾಯ್ತು. ಇವತ್ತು ನಾವು ಉರಿಸುವ ಗ್ಯಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ಹೊರಗಿನಿಂದ ಬರುತ್ತೆ, ಅದರಲ್ಲಿ ಬಹುದೊಡ್ಡ ಪಾಲು ಕತಾರಿನದು.

ಕತಾರಿನ ಕಡಲ ತಳದಲ್ಲಿ ನಾರ್ತ್ ಫೀಲ್ಡ್ ಅನ್ನುವ ನಿಕ್ಷೇಪ ಇದೆ. ಜಗತ್ತಿನಲ್ಲೇ ದೊಡ್ಡದು, ಅದರ ಇನ್ನೊಂದು ಬದಿ ಇರಾನಿಗೆ ಸೇರುತ್ತೆ. ಅಲ್ಲಿಂದ ಮೇಲೆ ಬಂದ ಗ್ಯಾಸನ್ನು ರಾಸ್ ಲಫಾನ್ ಅನ್ನುವ ಊರಿನಲ್ಲಿ ಮೊದಲು ತೊಳೀತಾರೆ ಅನ್ನಿ. ನೀರಿನ ಪಸೆ ತೆಗೀಬೇಕು, ಇಂಗಾಲದ ಡೈಆಕ್ಸೈಡ್ ತೆಗೀಬೇಕು, ಇಲ್ಲದಿದ್ದರೆ ಮುಂದಿನ ಚಳಿಗೆ ಅವು ಕಲ್ಲಿನ ಹಾಗೆ ಗಟ್ಟಿಯಾಗಿ ಯಂತ್ರದ ಗಂಟಲು ಕಟ್ಟಿಸುತ್ತವೆ. ಪಾದರಸದ ಒಂದು ಎಳೆಯೂ ಉಳೀಬಾರದು, ಉಳಿದರೆ ಅಲ್ಯೂಮಿನಿಯಂ ಭಾಗಗಳನ್ನು ತಿಂದುಹಾಕುತ್ತೆ. ಆಮೇಲೆ ಮೈನಸ್ 162 ಡಿಗ್ರಿ ತನಕ ತಣಿಸ್ತಾರೆ. ಆಗ ಗ್ಯಾಸ್ ದ್ರವವಾಗಿ, ಆರುನೂರು ಡ್ರಮ್ ತುಂಬುತ್ತಿದ್ದದ್ದು ಒಂದೇ ಡ್ರಮ್ಮಿಗೆ ಇಳಿಯುತ್ತೆ. ಅದೇ ಎಲ್‌ಎನ್‌ಜಿ.

ಅದನ್ನು ಹೊರುವ ಹಡಗು ತೇಲುವ ಥರ್ಮಾಸ್ ಫ್ಲಾಸ್ಕ್ ಇದ್ದ ಹಾಗೆ. 2004ರಿಂದ ಗುಜರಾತಿನ ದಹೇಜಿಗೆ ಓಡಾಡಿದ ದಿಶಾ ಅನ್ನುವ ಹಡಗಿನ ಹೊಟ್ಟೆ ಸುಮಾರು 1,38,000 ಘನ ಮೀಟರ್. ಆರುನೂರರಿಂದ ಗುಣಿಸಿ, ಎಂಟು ಕೋಟಿ ಘನ ಮೀಟರ್ ದಾಟುತ್ತೆ. ಒಂದು ಮನೆಯ ಅಡುಗೆಗೆ ತಿಂಗಳಿಗೆ ಹದಿನೈದು ಘನ ಮೀಟರ್ ಅಂತ ಹಿಡಿದರೆ, ಒಂದೇ ಹಡಗಿನಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಮನೆಗಳ ಒಂದು ತಿಂಗಳ ಅನ್ನ-ಸಾರು ಬೇಯುತ್ತೆ.

ಈಗ ಹಣದ ಮಾತು. ಇಷ್ಟು ದುಬಾರಿ ಕಾರ್ಖಾನೆಯನ್ನು ಯಾರೂ ನಂಬಿಕೆ ಮೇಲೆ ಕಟ್ಟಲ್ಲ. ದಹೇಜಿನಲ್ಲಿ ಟರ್ಮಿನಲ್, ಅಂದರೆ ಹಡಗಿನಿಂದ ಇಳಿಸಿದ ಎಲ್‌ಎನ್‌ಜಿಯನ್ನು ಮತ್ತೆ ಗ್ಯಾಸ್ ಮಾಡುವ ಕಟ್ಟೆ, ನಡೆಸುವ ಪೆಟ್ರೊನೆಟ್ ಕಂಪನಿ ಕತಾರ್ ಜೊತೆ ವರ್ಷಕ್ಕೆ 75 ಲಕ್ಷ ಟನ್ನಿನ ಒಪ್ಪಂದ ಮಾಡಿಕೊಂಡಿದೆ. 2024ರ ಫೆಬ್ರವರಿಯಲ್ಲಿ ಅದನ್ನೇ 2028ರಿಂದ ಮುಂದಕ್ಕೆ ಇನ್ನೂ ಇಪ್ಪತ್ತು ವರ್ಷಕ್ಕೆ ಮುಂದುವರಿಸಿದರು. ಇಂಥ ಒಪ್ಪಂದಗಳಲ್ಲಿ ಒಂದು ಷರತ್ತು ಇದ್ದೇ ಇರುತ್ತೆ: ಸರಕು ಎತ್ತಿಕೊಂಡರೂ ದುಡ್ಡು ಕೊಡು, ಎತ್ತಿಕೊಳ್ಳದಿದ್ದರೂ ಕೊಡು. ಹಡಗಿನವರದು ವರ್ಷಗಟ್ಟಲೆ ಬಾಡಿಗೆ ಕರಾರು. ಟರ್ಮಿನಲ್ಲಿನಲ್ಲಿ ಜಾಗ ಕಾದಿರಿಸಿದವರು ಬಳಸದಿದ್ದರೂ ಕಟ್ಟಬೇಕು. ಪೈಪಿನಲ್ಲೂ ಹಾಗೇ, ಕಾದಿರಿಸಿದಷ್ಟಕ್ಕೆ ಸಾಗಣೆ ದರ ಬರುತ್ತೆ. ಇದನ್ನು ತಪ್ಪು ಅಂತ ನಾನು ಹೇಳ್ತಿಲ್ಲ. ಸಾವಿರಾರು ಕೋಟಿ ಹೂಡಿದವರಿಗೆ ವರ್ಷ ವರ್ಷ ಇಷ್ಟು ಬಂದೇ ಬರುತ್ತೆ ಅನ್ನುವ ಭರವಸೆ ಬೇಕು. ಆ ಭರವಸೆ ಇಲ್ಲದೆ ನಮ್ಮ ಒಲೆ ಉರಿಯಲ್ಲ.

ಬೆಂಗಳೂರಿನ ಪೈಪು ಹೊರಡೋದು ಮಹಾರಾಷ್ಟ್ರದ ದಾಭೋಲಿನಿಂದ. ಅಲ್ಲೂ ಒಂದು ಎಲ್‌ಎನ್‌ಜಿ ಟರ್ಮಿನಲ್ ಇದೆ, ಅಮೆರಿಕದ ಎನ್ರಾನ್ ಕಂಪನಿಯ ಕಾಲದ ಯೋಜನೆ, ಕೆಲಸ ಶುರು ಮಾಡಿದ್ದು 2013ರಲ್ಲಿ. ಅಲೆ ತಡೆಯುವ ಗೋಡೆ ಪೂರ್ತಿಯಾಗದೆ ವರ್ಷಗಟ್ಟಲೆ ಮಳೆಗಾಲದಲ್ಲಿ ಅಲ್ಲಿ ಹಡಗು ನಿಲ್ಲಿಸೋಕಾಗ್ತಿರಲಿಲ್ಲ. ಆಗೆಲ್ಲ ದಹೇಜಿನ ಗ್ಯಾಸೇ ಪನ್ವೇಲ್ ಮೇಲಿಂದ ಇಳಿದು ಬರ್ತಿತ್ತು. ಅದೇ 2013ರಲ್ಲಿ ದಾಭೋಲ್-ಬೆಂಗಳೂರು ಪೈಪ್‌ಲೈನ್ ತಯಾರಾಯ್ತು. ಉದ್ದ ಸುಮಾರು 1,000 ಕಿಲೋಮೀಟರ್. ಘಟ್ಟ ಹತ್ತಿ ಬೆಳಗಾವಿ, ಧಾರವಾಡ, ಗದಗ, ಬಳ್ಳಾರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಬಿಡದಿ, ಬೆಂಗಳೂರು ಮುಟ್ಟುತ್ತೆ. ಕಪ್ಪು ಮಣ್ಣು, ಕೆಂಪು ಮಣ್ಣು, ಜೋಳ, ಹತ್ತಿ, ಈರುಳ್ಳಿ, ಶೇಂಗಾ, ತೆಂಗು, ಎಲ್ಲದರ ಅಡಿಗೂ ಹೋಗಿದೆ. ಎಲ್ಲಾ ಸೇರಿ ಸಾವಿರಾರು ಎಕರೆ.

ಈ ಪೈಪಿನೊಳಗಿನ ಒತ್ತಡ ಎಷ್ಟು ಗೊತ್ತಾ? ಇಂಥ ದೊಡ್ಡ ಲೈನುಗಳಲ್ಲಿ ತೊಂಬತ್ತು ಬಾರ್ ತನಕ ಇರುತ್ತೆ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹತ್ತಿರ ಹತ್ತಿರ ತೊಂಬತ್ತು ಪಟ್ಟು. ಊರ ಬಾಗಿಲಿನ ಸ್ಟೇಷನ್ನಿನಲ್ಲಿ ಇಳಿಸಿ, ಬಡಾವಣೆಯ ಹತ್ತಿರ ಇನ್ನೊಮ್ಮೆ ಇಳಿಸಿ, ನಮ್ಮ ಅಡುಗೆಮನೆಗೆ ಬರುವಾಗ 21 ಮಿಲಿಬಾರ್. ನಾಲ್ಕು ಸಾವಿರ ಪಟ್ಟು ಕಡಿಮೆ. ಸಿಲಿಂಡರಿನ ಗ್ಯಾಸಿಗಿಂತಲೂ ಇದರ ಒತ್ತಡ ಮೆತ್ತಗೆ. ಅದಕ್ಕೇ ಪೈಪ್ ಕನೆಕ್ಷನ್ ಕೊಡೋಕೆ ಬಂದ ಹುಡುಗ ಮೊದಲು ಒಲೆ ಬಿಚ್ಚಿ, ಬರ್ನರಿನ ಕೆಳಗಿನ ಹಿತ್ತಾಳೆ ಜೆಟ್ ತೆಗೆದು, ದೊಡ್ಡ ತೂತಿನದನ್ನು ಹಾಕ್ತಾನೆ. ನಮ್ಮ ಮನೆಗೆ ಬಂದವನು ಹಳೇ ಜೆಟ್ಟನ್ನೂ ಹೊಸದನ್ನೂ ಅಂಗೈ ಮೇಲಿಟ್ಟು ತೋರಿಸಿದ. ಸಾಸಿವೆಗೂ ಕಡಲೆಬೇಳೆಗೂ ಇರುವ ವ್ಯತ್ಯಾಸ. ನಮಗೆ ಸುರಕ್ಷಿತವಾದ ಈ ಮೆತ್ತನೆ ಗ್ಯಾಸ್ ದಾರಿಯುದ್ದಕ್ಕೂ ಮೆತ್ತಗಿರಲ್ಲ. ಅದರ ಬಿರುಸನ್ನೆಲ್ಲ ತಲೆಯ ಮೇಲೆ ಹೊತ್ತಿರುವುದು ಹಳ್ಳಿಗಳು.

ವಾಸನೆ ವಿಷಯವನ್ನೂ ಹೇಳಬೇಕು. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. 1937ರಲ್ಲಿ ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಅನ್ನುವ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಗ್ಯಾಸ್ ಸೋರಿ ಸಿಡಿದು ಮುನ್ನೂರರ ಹತ್ತಿರ ಜೀವ ಹೋಯ್ತು, ಹೆಚ್ಚಿನವರು ಮಕ್ಕಳು. ಅದಾದ ಮೇಲೆ ಮರ್ಕ್ಯಾಪ್ಟನ್ ಅನ್ನುವ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸುವ ನಿಯಮ ಬಿಗಿಯಾಯ್ತು. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಅದನ್ನು ಬೆರೆಸೋದು ನಗರದ ಬಾಗಿಲಿನ ಸ್ಟೇಷನ್ನಿನಲ್ಲಿ. ಹೊಲದಡಿಯ ದೊಡ್ಡ ಪೈಪಿನಲ್ಲಿ ಆ ಎಚ್ಚರಿಕೆ ವಾಸನೆ ಇರಲ್ಲ. ಅಲ್ಲಿ ಕಾವಲಿಗೆ ಪೈಪಿನೊಳಗೆ ಓಡುವ ತಪಾಸಣೆ ಯಂತ್ರ ಇದೆ, ಲೈನ್ ವಾಕರ್ ಅಂತ ಬಿಸಿಲಲ್ಲಿ ಕಾಲ್ನಡಿಗೆಯಲ್ಲಿ ಲೈನ್ ನೋಡಿಕೊಂಡು ಹೋಗುವ ಜನ ಇದ್ದಾರೆ. ಅವರ ಕೆಲಸದ ಬಗ್ಗೆ ನನಗೆ ಗೌರವ ಇದೆ. ಹಾಗಿದ್ದರೂ 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಹಳ್ಳಿಯಲ್ಲಿ ಪೈಪ್ ಸೋರಿ ಬೆಂಕಿ ಹೊತ್ತಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ತೆಂಗಿನ ಮರಗಳು ನಿಂತಲ್ಲೇ ಸುಟ್ಟು ಕರಕಲಾದವು.

ಈಗ ಆ ತೋಟದ ಬೈತಲೆಗೆ ಬರೋಣ.

ಪೈಪಿಗಾಗಿ ಜಮೀನು ಕೊಳ್ಳಲ್ಲ. 1962ರ ಒಂದು ಕೇಂದ್ರ ಕಾನೂನಿನಡಿ ಬಳಕೆಯ ಹಕ್ಕನ್ನು ಮಾತ್ರ ತಗೋತಾರೆ. ಪಹಣಿಯಲ್ಲಿ ಹೆಸರು ರೈತನದೇ ಇರುತ್ತೆ. ಅದೇ ಕಾನೂನಿನ ಒಂಬತ್ತನೇ ಸೆಕ್ಷನ್ ನೋಡಿ: ಆ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ-ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಮುಂಚೆ ಹಾಕುತ್ತಿದ್ದ ಬೆಳೆ ಹಾಕಬಹುದು, ಅಷ್ಟೆ. ಇದಕ್ಕೆ ಪರಿಹಾರ ಏನು? ಪೈಪ್ ಹಾಕುವಾಗ ಹಾಳಾದ ಬೆಳೆ, ಕಡಿದ ಮರಕ್ಕೆ ನಷ್ಟ ಕೊಡ್ತಾರೆ. ಅದರ ಮೇಲೆ ಜಮೀನಿನ ಮಾರುಕಟ್ಟೆ ಬೆಲೆಯ ಶೇಕಡಾ 10. ಅದೂ ಮೊದಲ ಅಧಿಸೂಚನೆ ಬಂದ ದಿನದ ಬೆಲೆಯಲ್ಲಿ, ಒಂದೇ ಒಂದು ಸಲ.

ಯೋಚನೆ ಮಾಡಿ. ಕತಾರಿಗೆ ವರ್ಷ ವರ್ಷ. ಹಡಗಿಗೆ ವರ್ಷ ವರ್ಷ. ಪೈಪ್ ಕಂಪನಿಯ ಸಾಗಣೆ ದರ ನಿಗದಿ ಮಾಡುವಾಗ ನಿಯಂತ್ರಣ ಮಂಡಳಿ ಹೂಡಿದ ಬಂಡವಾಳದ ಮೇಲೆ ತೆರಿಗೆ ಕಳೆದು ಶೇಕಡಾ 12 ಲಾಭ ಸಿಗುವ ಹಾಗೆ ಲೆಕ್ಕ ಹಾಕುತ್ತೆ. ಪೈಪಿಗೆ ಬಾಡಿಗೆ ಇದೆ, ಪೈಪ್ ಮಲಗಿರುವ ಮಣ್ಣಿಗೆ ಇಲ್ಲ. ಗೇಣಿ ಅನ್ನುವ ಪದ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಇನ್ನೊಬ್ಬರ ನೆಲ ಬಳಸಿದರೆ ಸುಗ್ಗಿ ಸುಗ್ಗಿಗೂ ಅಳೆದು ಕೊಡೋದು ಗೇಣಿ. ಮೂವತ್ತು-ನಲವತ್ತು ವರ್ಷ ನೆಲದಡಿ ಕೂತು ದುಡಿಯುವ ಪೈಪಿಗೆ ಒಂದೇ ಸಲದ ದುಡ್ಡು ಯಾವ ನ್ಯಾಯ?

ಇದಕ್ಕೆ ಉತ್ತರ ದೂರದಲ್ಲಿಲ್ಲ, ತುಮಕೂರು ಜಿಲ್ಲೆಯಲ್ಲೇ ಇದೆ. ಪಾವಗಡದ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಬೇಕಾದಾಗ ರೈತರಿಂದ ಜಮೀನು ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ ಅಂತ ಗುತ್ತಿಗೆಗೆ ತಗೊಂಡರು. ಆ ಏರ್ಪಾಟಿನಲ್ಲೂ ಕೊರತೆಗಳಿವೆ, ಜಮೀನಿಲ್ಲದ ಕೂಲಿಯವರಿಗೆ ಅದರಿಂದ ಏನೂ ಸಿಗಲಿಲ್ಲ. ಆದರೆ ಭೂಮಿ ಕೊಟ್ಟವರಿಗೆ ವರ್ಷ ವರ್ಷ ಹಣ ಬರುವ ಏರ್ಪಾಡು ನಮ್ಮ ರಾಜ್ಯದಲ್ಲೇ ಆಗಿದೆ.

ಹಾಗೆ ಕೊಟ್ಟರೆ ಗ್ಯಾಸ್ ತುಟ್ಟಿ ಆಗುತ್ತೆ ಅಂತಾರೆ. ಬನ್ನಿ, ಲೆಕ್ಕ ಮಾಡೋಣ. 1,000 ಕಿಲೋಮೀಟರ್ ಉದ್ದ, 20 ಮೀಟರ್ ಅಗಲ ಹಿಡಿದರೆ 2,000 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 5,000 ಎಕರೆ. ಪೈಪಿನ ಮೇಲೆ ಬೆಳೆ ತೆಗೆಯಬಹುದಾದ್ದರಿಂದ ಪಾವಗಡದ ಅರ್ಧದಷ್ಟು, ಎಕರೆಗೆ 10,000 ಕೊಡೋಣ. ವರ್ಷಕ್ಕೆ 5 ಕೋಟಿ. ಈ ಪೈಪಿನ ಸಾಮರ್ಥ್ಯ ದಿನಕ್ಕೆ 1.6 ಕೋಟಿ ಘನ ಮೀಟರ್. ತುಂಬಿ ಹರಿದರೆ ಘನ ಮೀಟರಿಗೆ ಒಂದು ಪೈಸೆಯೂ ಬೀಳಲ್ಲ. ಕಾಲುಭಾಗ ಮಾತ್ರ ಹರಿದರೂ ಮೂರೂವರೆ ಪೈಸೆ. ತಿಂಗಳಿಗೆ ಹದಿನೈದು ಘನ ಮೀಟರ್ ಉರಿಸುವ ನನ್ನ ಮನೆಗೆ ಎಷ್ಟಾಯ್ತು? ಎಂಟಾಣೆ. ಅಗಲ 30 ಮೀಟರ್ ಅಂದರೂ ಮುಕ್ಕಾಲು ರೂಪಾಯಿ. ನಾನು ಈ ಲೆಕ್ಕವನ್ನು ಮೂರು ಸಲ ಮಾಡಿದೆ. ಇಷ್ಟು ಸಣ್ಣ ಮೊತ್ತ ಇರಬಹುದು ಅಂತ ನನಗೇ ನಂಬೋಕಾಗಲಿಲ್ಲ.

ರೈತನಿಗೆ ಬೇರೆ ರೀತಿಯಲ್ಲಿ ಲಾಭ ಇದೆಯಲ್ಲ ಅನ್ನುವ ಮಾತೂ ಕೇಳಿದ್ದೀನಿ. ನಿಜ, ದೇಶದ ಗ್ಯಾಸಿನಲ್ಲಿ ದೊಡ್ಡ ಪಾಲು ಯೂರಿಯಾ ಕಾರ್ಖಾನೆಗಳಿಗೆ ಹೋಗುತ್ತೆ. ನ್ಯಾಫ್ತಾ ಅನ್ನುವ ಪೆಟ್ರೋಲಿಯಂ ಎಣ್ಣೆ ಬಳಸುತ್ತಿದ್ದ ಮಂಗಳೂರಿನ ಗೊಬ್ಬರ ಕಾರ್ಖಾನೆಗೂ ಕೊಚ್ಚಿಯಿಂದ ಪೈಪ್ ಬಂದ ಮೇಲೆ ಗ್ಯಾಸ್ ಸಿಕ್ಕಿತು. ಆದರೆ ಅಗ್ಗದ ಯೂರಿಯಾ ಎಲ್ಲ ರೈತರಿಗೂ ಸಿಗುತ್ತೆ. ತೋಟದ ನಡುವೆ ಮರ ನೆಡಬೇಡ ಅಂತ ಹೇಳಿರೋದು ಈ ಒಬ್ಬನಿಗೆ.

ಕೊಚ್ಚಿ-ಮಂಗಳೂರು ಲೈನಿನ ಕಥೆಯಲ್ಲೇ ಇನ್ನೊಂದು ಪಾಠ ಇದೆ. ಅದರ ಒಂದು ಕವಲು ತಮಿಳುನಾಡಿನ ಕೊಯಮತ್ತೂರು, ಸೇಲಂ ಕಡೆಯ ಏಳು ಜಿಲ್ಲೆ ಹಾದು ಬೆಂಗಳೂರಿಗೆ ಬರಬೇಕಿತ್ತು. 2013ರಲ್ಲಿ ಅಲ್ಲಿನ ರೈತರು ಎದ್ದು ನಿಂತರು. ಹೊಲ ಬಿಟ್ಟು ಹೆದ್ದಾರಿ ಬದಿಗೆ ಪೈಪ್ ಹಾಕಿ ಅಂತ ಆಗಿನ ಮುಖ್ಯಮಂತ್ರಿ ಜಯಲಲಿತಾ ಹೇಳಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, 2016ರಲ್ಲಿ ತೀರ್ಪು ಪೈಪಿನ ಪರ ಬಂತು. ಆದರೂ ವರ್ಷಗಳು ಕಳೆದುಹೋದವು. ಕೇರಳದಲ್ಲೂ 2017ರಲ್ಲಿ ಮುಕ್ಕಂ ಸುತ್ತಮುತ್ತ ಜನ ಬೀದಿಗಿಳಿದರು. ಅಲ್ಲಿನ ಸರ್ಕಾರ ಪರಿಹಾರ ಹೆಚ್ಚಿಸಿತು, ಹತ್ತು ಸೆಂಟ್‌ನಷ್ಟು ಸಣ್ಣ ಜಾಗ ಇದ್ದವರಿಗೆ ಪ್ರತ್ಯೇಕ ನೆರವು ಕೊಟ್ಟಿತು. 2021ರ ಜನವರಿ 5ರಂದು 450 ಕಿಲೋಮೀಟರಿನ ಲೈನ್ ಉದ್ಘಾಟನೆ ಆಯ್ತು. ಕೋರ್ಟಿನಲ್ಲಿ ಗೆಲ್ಲೋದಕ್ಕಿಂತ ಹೊಲದ ಬದುವಿನ ಮೇಲೆ ಕೂತು ಮಾತಾಡೋದರಿಂದ ಪೈಪ್ ಬೇಗ ಮುಂದೆ ಹೋಗುತ್ತೆ ಅಂತ ನನಗೆ ಅನ್ನಿಸಿದ್ದು ಇದರಿಂದ.

ಮೊನ್ನೆ ಆ ಯಜಮಾನರಿಗೆ ಫೋನ್ ಮಾಡಿ ಎಂಟಾಣೆ ಲೆಕ್ಕ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಯಾರೋ ಕಾಯಿ ಸುಲಿಯೋ ಸದ್ದು ಕೇಳ್ತಿತ್ತು. ಆಮೇಲೆ ಕೇಳಿದರು: "ಹಂಗಾರೆ ಅರ್ಜಿ ಯಾರಿಗೆ ಬರೀಬೇಕು? ತಹಸೀಲ್ದಾರ್ರಿಗಾ?"

ತಹಸೀಲ್ದಾರ್ ಕೈಲಿ ಇಲ್ಲ, ಡಿಸಿ ಕೈಲೂ ಇಲ್ಲ. 1962ರ ಆ ಕಾನೂನಿನಲ್ಲಿ ಶೇಕಡಾ 10 ಅಂತ ಹೇಳುವ ಹತ್ತನೇ ಸೆಕ್ಷನ್ನಿನ ನಾಲ್ಕನೇ ಉಪವಿಭಾಗವನ್ನು ತಿದ್ದಬೇಕಾದ್ದು ಸಂಸತ್ತು. ನಿಮ್ಮ ಎಂಪಿಗೆ ಬರೀರಿ ಅಂದೆ. ನಾನೂ ನಮ್ಮ ಎಂಪಿಗೆ ಬರೆದಿದ್ದೀನಿ, ಎಂಟಾಣೆ ಹೆಚ್ಚಿಗೆ ಕೊಡೋಕೆ ನಮ್ಮ ಮನೆ ತಯಾರಿದೆ ಅಂತ. ಅವರ ಅರ್ಜಿಯಲ್ಲಿ ಆ ಹಳದಿ ಕಂಬದ ನಂಬರನ್ನೂ ಹಾಕಿ ಅಂದಿದ್ದಕ್ಕೆ, "ಇರಿ, ನೋಡ್ಕಂಡು ಬತ್ತೀನಿ" ಅಂತ ಫೋನ್ ಹಿಡಿದೇ ತೋಟದೊಳಗೆ ನಡೆದರು.