ಯಾವ ಮಾಡೆಲ್ ಸರ್?

ಕೇಳುಗರೇ, ನಮಸ್ಕಾರ.

ನನ್ನ ಮೊದಲ ಕಾರು ಸೆಕೆಂಡ್ ಹ್ಯಾಂಡ್. ಚಿಕ್ಕ ಗಾಡಿ, ಆಟೋಮ್ಯಾಟಿಕ್ ಗೇರು. ಗೆಳೆಯನ ಹತ್ತಿರ ಅದೇ ಹೆಸರಿನ ಕಾರು ಎಷ್ಟೋ ವರ್ಷದಿಂದ ಓಡುತ್ತಿತ್ತು, ಒಂದು ದಿನವೂ ದಾರಿಯಲ್ಲಿ ಕೈಕೊಟ್ಟಿರಲಿಲ್ಲ. ಇನ್ನೇನು ಬೇಕು? ಹೆಸರು ನೋಡಿದೆ, ಬಣ್ಣ ನೋಡಿದೆ, ತಂದು ನಿಲ್ಲಿಸಿದೆ. ಎರಡೇ ತಿಂಗಳು. ಟ್ರಾಫಿಕ್‌ನಲ್ಲಿ ತೆವಳುವಾಗ ಗಾಡಿ ಚಳಿಜ್ವರ ಬಂದವರ ಹಾಗೆ ನಡುಗಲು ಶುರು ಮಾಡಿತು.

ಮೆಕ್ಯಾನಿಕ್ ಹತ್ತಿರ ಹೋದೆ. ಆತ ಬಾನೆಟ್ ಕೂಡ ಎತ್ತಲಿಲ್ಲ. "ಯಾವ ಮಾಡೆಲ್ ಸರ್?" ಎಂದ. ಕಾರಿನ ಹೆಸರು ಹೇಳಿದೆ. "ಹೆಸರು ಕಾಣ್ತಾ ಇದೆ ಸರ್, ನಾನು ಕೇಳಿದ್ದು ಮಾಡೆಲ್." ವರ್ಷ ಹೇಳಿದೆ. ಕೈ ಒರೆಸಿಕೊಳ್ಳುತ್ತಾ, "ಇದು ಇನ್ನೊಂದೆರಡು ವರ್ಷ ತಡವಾಗಿ ಹುಟ್ಟಬೇಕಿತ್ತು" ಎಂದ.

ಗ್ಯಾರೇಜಿನ ಮಾತಿನಲ್ಲಿ ಮಾಡೆಲ್ ಅಂದರೆ ವರ್ಷ. ನಾನು ಕೊಂಡಿದ್ದು ಹೆಸರನ್ನು. ಇವತ್ತಿನ ಮಾತೆಲ್ಲ ಆ ವರ್ಷದ ಬಗ್ಗೆಯೇ.

ಕಾರಿನ ಹೆಸರು ದಶಕಗಟ್ಟಲೆ ಬಾಳುತ್ತದೆ. ಟೊಯೋಟಾ ಕೊರೋಲಾ ಬಂದಿದ್ದು 1966ರಲ್ಲಿ, ಹೋಂಡಾ ಸಿವಿಕ್ 1972ರಲ್ಲಿ. ಹೆಸರು ಹಾಗೇ ಇದೆ, ಒಳಗಿರುವ ಗಾಡಿ ಮಾತ್ರ ಐದಾರು ವರ್ಷಕ್ಕೊಮ್ಮೆ ಪೂರ್ತಿ ಬದಲಾಗುತ್ತದೆ. ಹೊಸ ಬಾಡಿ, ಕೆಲವೊಮ್ಮೆ ಹೊಸ ಎಂಜಿನ್, ಹೊಸ ಗೇರ್‌ಬಾಕ್ಸ್. ಇದನ್ನು ಒಂದು ತಲೆಮಾರು ಅನ್ನುತ್ತಾರೆ. ನಡುವೆ ಮೂರ್ನಾಲ್ಕು ವರ್ಷಕ್ಕೆ ಬಂಪರು, ದೀಪ ಬದಲಿಸಿ ಫೇಸ್‌ಲಿಫ್ಟ್ ಮಾಡುತ್ತಾರೆ. ಹೊಸ ತಲೆಮಾರಿನ ಮೊದಲ ವರ್ಷ ಕೊಂಡವರೇ ಒಂದು ರೀತಿಯಲ್ಲಿ ಅದರ ಪರೀಕ್ಷೆ ಮಾಡುವವರು. ಕಂಪನಿ ಎಷ್ಟೇ ಓಡಿಸಿ ನೋಡಿರಲಿ, ಲಕ್ಷಾಂತರ ಜನ ಬಿಸಿಲು, ಚಳಿ, ಗುಂಡಿ ಎಲ್ಲದರಲ್ಲಿ ಓಡಿಸಿದ ಮೇಲೇ ಹುಳುಕು ಹೊರಗೆ ಬರುವುದು.

ಸಿವಿಕ್ ಕಥೆಯನ್ನೇ ತೊಗೊಳ್ಳಿ. ಅಮೆರಿಕದಲ್ಲಿ 2006ರ ಮಾಡೆಲ್‌ಗೆ ಹೊಸ ಆಕಾರ ಬಂತು, ಜೊತೆಗೆ ಹೊಸ 1.8 ಲೀಟರ್ ಎಂಜಿನ್. ಒಳ್ಳೆಯ ಎಂಜಿನ್ನೇ. ಆದರೆ 2006ರಿಂದ 2008ರವರೆಗಿನವು ಮತ್ತು 2009ರ ಆರಂಭದ ಕೆಲವು ಗಾಡಿಗಳಲ್ಲಿ ಎಂಜಿನ್ನಿನ ಮುಖ್ಯ ಲೋಹದ ಮೈ, ಅಂದರೆ ಬ್ಲಾಕೇ ಬಿರುಕು ಬಿಟ್ಟು ಎಂಜಿನ್ ತಂಪಾಗಿಡುವ ದ್ರವ, ಕೂಲಂಟ್, ಸೋರುತ್ತಿತ್ತು. ಕಂಪನಿ ಆ ಬ್ಲಾಕ್‌ನ ವಾರಂಟಿಯನ್ನು 10 ವರ್ಷಕ್ಕೆ ಹಿಗ್ಗಿಸಬೇಕಾಯಿತು. ಆ ಅವಧಿ ಯಾವತ್ತೋ ಮುಗಿದಿದೆ, ಅಂದರೆ ಈಗ ಬಿರುಕು ಬಿಟ್ಟರೆ ಖರ್ಚು ಕೊಂಡವರದ್ದೇ. ಅದೇ ಆಕಾರದ 2010, 2011ರ ಗಾಡಿಗೆ ಈ ಕಾಟವಿಲ್ಲ. ಪಕ್ಕಪಕ್ಕ ನಿಲ್ಲಿಸಿದರೆ ಯಾವುದು ಯಾವುದು ಅಂತ ಗೊತ್ತಾಗುವುದೂ ಕಷ್ಟ. ಹಳೆಯದನ್ನೇ ನೋಡುತ್ತಿದ್ದರೆ, ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಬ್ಲಾಕ್ ಮೇಲೆ ಬೆಳಕು ಬಿಡಿ. ಕೂಲಂಟ್ ಸೋರಿ ಒಣಗಿದ ಜಾಗದಲ್ಲಿ ಉಪ್ಪು ಕಟ್ಟಿದ ಹಾಗೆ ಬಿಳಿಚಿದ ಗೆರೆ ಇರುತ್ತದೆ. ಬ್ಲಾಕ್ ಬದಲಾಗಿದ್ದರೆ ಅದರ ಕಾಗದ ಕೇಳಿ. ಕಾಗದ ಇದ್ದರೆ ಆ ಗಾಡಿ ಬೇರೆಯದಕ್ಕಿಂತ ವಾಸಿ, ವಿಚಿತ್ರ ಆದರೂ ನಿಜ.

ಕೊರೋಲಾ ಅಂದರೆ ಕಣ್ಣು ಮುಚ್ಚಿ ತೊಗೋಬಹುದು ಅನ್ನುವವರಿದ್ದಾರೆ. ನಾನೂ ಅನ್ನುತ್ತಿದ್ದೆ. ಆದರೆ 1990ರ ದಶಕದ ಕೊನೆಗೆ ಬಂದ ಅದರ 1.8 ಲೀಟರ್ ಎಂಜಿನ್ ಆಯಿಲ್ ಕುಡಿಯುವುದರಲ್ಲಿ ಹೆಸರು ಮಾಡಿತ್ತು. ಪಿಸ್ಟನ್‌ನಲ್ಲಿ ಆಯಿಲ್ ವಾಪಸ್ ಇಳಿಯುವ ತೂತುಗಳು ಚಿಕ್ಕವು. ಅವು ಮಸಿ ಕಟ್ಟಿಕೊಂಡರೆ ಆಯಿಲ್ ಮೇಲೇ ಉಳಿದು ಉರಿದುಹೋಗುತ್ತಿತ್ತು. ಮುಂದೆ ಪಿಸ್ಟನ್ ಬದಲಿಸಿದರು, ಕಾಟ ತಗ್ಗಿತು.

ಇನ್ನು ನಡುಕದ ವಿಚಾರ. ಫೋರ್ಡ್ ಫೋಕಸ್‌ನ 2012ರಿಂದ 2016ರವರೆಗಿನ ಆಟೋಮ್ಯಾಟಿಕ್ ಗಾಡಿಗಳ ಬಗ್ಗೆ ಅಮೆರಿಕದಲ್ಲಿ ಗ್ರಾಹಕರು ಒಟ್ಟಾಗಿ ಕೋರ್ಟಿಗೇ ಹೋದರು. ಅದರ ಪವರ್‌ಶಿಫ್ಟ್ ಗೇರ್‌ಬಾಕ್ಸ್‌ನಲ್ಲಿ ಆಯಿಲ್‌ನಲ್ಲಿ ಮುಳುಗದ ಎರಡು ಒಣ ಕ್ಲಚ್ ಇರುತ್ತವೆ. ಹೆದ್ದಾರಿಯಲ್ಲಿ ಇದರ ನಡುಕ ಗೊತ್ತಾಗುವುದಿಲ್ಲ. ನಡಿಗೆಯ ವೇಗದಲ್ಲಿ, ಬ್ರೇಕ್ ಬಿಟ್ಟು ಹಿಡಿದು ಬಿಟ್ಟು ಹಿಡಿದು ಹೋಗುವಾಗ ತಿಳಿಯುತ್ತದೆ. ಅದೇ ವರ್ಷದ ಅದೇ ಕಾರು ಮ್ಯಾನುಯಲ್ ಗೇರಿನದ್ದಾದರೆ ಈ ತಾಪತ್ರಯವೇ ಇಲ್ಲ. ಹಾಗಾಗಿ ವರ್ಷ ಒಂದನ್ನೇ ಕೇಳಿದರೂ ಸಾಲದು. ವರ್ಷ, ಎಂಜಿನ್, ಗೇರ್‌ಬಾಕ್ಸ್ ಮೂರನ್ನೂ ಒಂದೇ ಉಸಿರಿನಲ್ಲಿ ಕೇಳಬೇಕು. ಫೋಕ್ಸ್‌ವ್ಯಾಗನ್ ಗಾಲ್ಫ್‌ನಲ್ಲೂ ಹೀಗೇ. ಹಳೆಯ 1.2 ಮತ್ತು 1.4 ಲೀಟರ್ ಟರ್ಬೋ ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಸಡಿಲವಾಗುವ ದೂರು ಜಾಸ್ತಿ. 2012ರಲ್ಲಿ ಏಳನೇ ತಲೆಮಾರು ಬಂದಾಗ ಎಂಜಿನ್ ಬದಲಾಯಿತು, ಚೈನ್ ಹೋಗಿ ಬೆಲ್ಟ್ ಬಂತು.

ಹಾಗಾದರೆ ಯಾವ ವರ್ಷ ಹುಡುಕುವುದು? ನನ್ನ ಲೆಕ್ಕ ಸರಳ. ಒಂದು ತಲೆಮಾರಿನ ಕೊನೆಯ ಎರಡು ವರ್ಷ. ಆ ಹೊತ್ತಿಗೆ ಕಂಪನಿ ತಪ್ಪು ತಿದ್ದಿಕೊಂಡಿರುತ್ತದೆ, ಮೆಕ್ಯಾನಿಕ್‌ಗಳಿಗೆ ಕೈ ಪಳಗಿರುತ್ತದೆ, ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ಮುಂದಿನ ವರ್ಷ ಹೊಸ ಆಕಾರ ಬಂದಿರುವುದರಿಂದ ಇದು ಹಳೇದು ಅಂತ ಜನ ಮೂಗು ಮುರಿಯುತ್ತಾರೆ, ರೇಟೂ ಇಳಿಯುತ್ತದೆ. ಮೂಗು ಮುರಿಯಲಿ ಬಿಡಿ, ನಮಗೆ ಲಾಭ. ಆದರೆ ಫೇಸ್‌ಲಿಫ್ಟ್ ಹೊತ್ತಿನಲ್ಲೇ ಹೊಸ ಗೇರ್‌ಬಾಕ್ಸ್ ತುರುಕಿದ್ದರೆ ಈ ಲೆಕ್ಕ ತಲೆಕೆಳಗು. ಅಲ್ಲಿಂದ ಮತ್ತೆ ಮೊದಲ ವರ್ಷ ಅಂತಲೇ ಎಣಿಸಬೇಕು.

ಪಟ್ಟಿಗಳೂ ಇವೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ತನ್ನ ಸದಸ್ಯರನ್ನು ಕೇಳಿ ವರ್ಷವಾರು ದೂರು ಲೆಕ್ಕ ಹಾಕುತ್ತದೆ. ಜರ್ಮನಿಯ ವಾಹನ ತಪಾಸಣೆ ಸಂಸ್ಥೆ ಟ್ಯೂಫ್‌ನ ವರದಿ ತಪಾಸಣೆಗೆ ಬಂದ ಗಾಡಿಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸುತ್ತದೆ. ಸಮೀಕ್ಷೆ ಮಾಡುವ ಜೆ.ಡಿ. ಪವರ್ ಕಂಪನಿ ಮೂರು ವರ್ಷ ಹಳೆಯ ಕಾರುಗಳನ್ನು ನೋಡಿ ನೂರು ಗಾಡಿಗೆ ಎಷ್ಟು ತೊಂದರೆ ಅಂತ ಹೇಳುತ್ತದೆ. ಅಲ್ಲಿ ಫೋನ್ ಬ್ಲೂಟೂತ್‌ಗೆ ಸೇರದಿದ್ದರೂ ಅದು ಒಂದು ತೊಂದರೆಯೇ. ಬ್ಲೂಟೂತ್ ಹೋದರೆ ಸುಮ್ನೆ ಇರಬಹುದು, ಗೇರ್‌ಬಾಕ್ಸ್ ಹೋದರೆ ಇರಕ್ಕಾಗುತ್ತಾ? ಹಾಗಾಗಿ ಅಂಕ ನೋಡಬೇಡಿ, ಆ ಅಂಕ ಬಂದಿದ್ದು ಯಾವ ತೊಂದರೆಗೆ ಅಂತ ನೋಡಿ. ಜನರ ದೂರು ಓದುವಾಗಲೂ ಅಷ್ಟೇ. ಲಕ್ಷಗಟ್ಟಲೆ ಮಾರಿದ ಕಾರಿಗೆ ದೂರು ಜಾಸ್ತಿ ಇರಲೇಬೇಕು ಅಲ್ವಾ? ಬೇರೆ ಬೇರೆ ಊರಿನವರು ಒಂದೇ ಭಾಗದ ಹೆಸರು ಹೇಳಿ ಬೈಯುತ್ತಿದ್ದರೆ ಆಗ ಕಿವಿ ನೆಟ್ಟಗಾಗಲಿ.

ವರ್ಷಕ್ಕೆ ಸೇರಿದ್ದೇ ಇನ್ನೊಂದು ಸಂಗತಿ, ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗ್. ಸುಮಾರು 2002ರಿಂದ 2015ರವರೆಗಿನ ಬಹಳಷ್ಟು ಕಂಪನಿಗಳ ಕಾರಿನಲ್ಲಿ ಇವು ಇದ್ದವು. ಏರ್‌ಬ್ಯಾಗ್ ಉಬ್ಬಿಸಲು ಡಬ್ಬಿಯೊಳಗೆ ತುಂಬಿದ ಅಮೋನಿಯಂ ನೈಟ್ರೇಟ್ ಬಿಸಿಗೆ, ತೇವಕ್ಕೆ ಕೆಡುತ್ತದೆ. ಆಮೇಲೆ ಏರ್‌ಬ್ಯಾಗ್ ಬಿಚ್ಚುವಾಗ ಡಬ್ಬಿಯೇ ಒಡೆದು ಲೋಹದ ಚೂರು ಮುಖಕ್ಕೆ ಹಾರುತ್ತದೆ. ಜಗತ್ತಿನಾದ್ಯಂತ ಕಂಪನಿಗಳು ಗಾಡಿ ವಾಪಸ್ ಕರೆದು ಬದಲಿಸಿಕೊಟ್ಟವು. ನೀವು ನೋಡುವ ಗಾಡಿಯಲ್ಲಿ ಬದಲಾಗಿದೆಯೋ ಇಲ್ಲವೋ ಕೇಳಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ.

ಈಗ, ಮಾರುವವರು ಹೇಳಿದ ವರ್ಷ ನಿಜವೋ? ಹಿಂದೆ ಎತ್ತು ಕೊಳ್ಳುವವರು ಹಲ್ಲು ಬಿಡಿಸಿ ವಯಸ್ಸು ನೋಡುತ್ತಿದ್ದರಲ್ಲ, ಕಾರಿಗೂ ಹಲ್ಲಿದೆ. ಚಾಸಿಸ್ ನಂಬರ್ ಅಥವಾ ವಿನ್ ಅನ್ನುವ 17 ಅಕ್ಷರದ ಸಂಖ್ಯೆ. ಉತ್ತರ ಅಮೆರಿಕಕ್ಕೆ ಮಾಡಿದ ಗಾಡಿಯಲ್ಲಿ ಅದರ 10ನೇ ಅಕ್ಷರವೇ ಮಾಡೆಲ್ ವರ್ಷ. 2001ರಿಂದ 2009ಕ್ಕೆ ಒಂದರಿಂದ ಒಂಬತ್ತು, 2010ಕ್ಕೆ 'ಎ', 2011ಕ್ಕೆ 'ಬಿ'. ಬೇರೆ ಕಡೆ ಕಂಪನಿಯಿಂದ ಕಂಪನಿಗೆ ಪದ್ಧತಿ ಬದಲಾಗುತ್ತದೆ. ಆಗ ಸೀಟ್ ಬೆಲ್ಟ್ ಪೂರ್ತಿ ಎಳೆದು ಬುಡದ ಚೀಟಿ ನೋಡಿ, ಅದರಲ್ಲಿ ತಯಾರಾದ ದಿನಾಂಕ ಇರುವುದುಂಟು. ಚೀಟಿಯಲ್ಲಿ 2013 ಇದ್ದು, ಮಾರುವವರು ಗಾಡಿ 2015ರದ್ದು ಅಂದರೆ ಎಲ್ಲೋ ಎಡವಟ್ಟಾಗಿದೆ. ನೋಂದಣಿಯಾದ ವರ್ಷ ಬೇರೆ, ತಯಾರಾದ ವರ್ಷ ಬೇರೆ, ಮಾಡೆಲ್ ವರ್ಷ ಇನ್ನೂ ಬೇರೆ ಇರಬಹುದು.

ಎರಡನೇ ಸಲ ಕಾರು ಕೊಳ್ಳಲು ಹೋದಾಗ ನಾನು ಒಂದು ಗಾಡಿ ಮೆಚ್ಚಿಕೊಂಡಿದ್ದೆ. ಆಯಿಲ್ ಕಡ್ಡಿ ಎಳೆದು ನೋಡಿದೆ, ಚೆನ್ನಾಗಿತ್ತು. ನಿಧಾನಕ್ಕೆ ತೆವಳಿಸಿದೆ, ನಡುಕ ಇರಲಿಲ್ಲ. 2010ರದ್ದು ಅಂದಿದ್ದರು. ಆ ಕಾರಿನಲ್ಲಿ 2010ಕ್ಕೇ ಗೇರ್‌ಬಾಕ್ಸ್ ತಿದ್ದಿದ್ದು ಅಂತ ನಾನು ಓದಿಕೊಂಡು ಹೋಗಿದ್ದೆ. ಹೊರಡುವ ಮುಂಚೆ ಮುಂದಿನ ಗಾಜಿನ ಮೂಲೆಯಲ್ಲಿದ್ದ ವಿನ್‌ಗೆ ಬಗ್ಗಿ, ಬೆರಳಿಟ್ಟು ಒಂದೊಂದೇ ಅಕ್ಷರ ಎಣಿಸಿದೆ. ಹತ್ತನೆಯದು 'ಎ' ಇರಬೇಕಿತ್ತು. ಒಂಬತ್ತು ಇತ್ತು.

"ಇದು ಒಂಬತ್ತರ ಮಾಡೆಲ್ ಅಲ್ವಾ?" ಎಂದೆ.

"ನೋಂದಣಿ ಹತ್ತರಲ್ಲೇ ಸರ್. ಒಂದು ವರ್ಷ ತಾನೇ, ಏನಾಯ್ತು ಅದಕ್ಕೆ?" ಎಂದರು.

ಕೀಲಿ ಅವರ ಕೈಗಿಟ್ಟು, ಬಸ್ ಹಿಡಿದು ಮನೆಗೆ ಬಂದೆ. ನಮಸ್ಕಾರ.