ಹೆಸರು ಯಾರದು, ಬಾಗಿಲು ಯಾರಿಗೆ?

ಸ್ನೇಹಿತರೇ,

ಅಮೆರಿಕದ ಕಾಲೇಜುಗಳಲ್ಲಿರುವ ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್‌ಗಳ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ಕಪ್ಪು ವಿದ್ಯಾರ್ಥಿಗಳಿಗೆ ಸಂಘ ಇರಬಹುದಾದರೆ ಬಿಳಿಯರಿಗೇಕೆ ಇರಬಾರದು? ಹೀಗೆ ಕೇಳಿದವರನ್ನು ಬಹಳ ಜನ ಬೈದು ಬಾಯಿ ಮುಚ್ಚಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹದಿನೆಂಟರ ಹುಡುಗನೊಬ್ಬ ‘ಇದು ನ್ಯಾಯವೇ?’ ಎಂದು ಕೇಳಿದರೆ ಅವನಿಗೆ ಉತ್ತರ ಸಿಗಬೇಕು. ಉತ್ತರ ಇದೆ ಕೂಡ. ಆದರೆ ಅದಕ್ಕೆ ನೂರಿಪ್ಪತ್ತು ವರ್ಷದಷ್ಟು ಹಿಂದಕ್ಕೆ ಹೋಗಬೇಕು, ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ.

ಯಾರು ಬೇಕಾದರೂ ಬಂದು ಯಾವ ವಿಷಯವನ್ನಾದರೂ ಕಲಿಯಬಹುದು ಎಂಬ ಆಶಯದಿಂದ ಹುಟ್ಟಿದ ಸಂಸ್ಥೆ ಅದು. ಪ್ರವೇಶಕ್ಕೆ ಬಣ್ಣ ಅಡ್ಡಿಯಾಗಿರಲಿಲ್ಲ. ಆದರೂ 1904-05ರಲ್ಲಿ ಓದುತ್ತಿದ್ದ ಆರು ಮಂದಿ ಕಪ್ಪು ವಿದ್ಯಾರ್ಥಿಗಳು ಮರುವರ್ಷ ವಾಪಸಾಗಲಿಲ್ಲ. ಉಳಿದವರು ಗಾಬರಿಯಾದರು. ತರಗತಿಯಲ್ಲಿ ಜಾಗವಿತ್ತು ನಿಜ. ತರಗತಿ ಮುಗಿದ ಮೇಲೆ ಕೂತು ಓದಲು, ಹಳೆಯ ಟಿಪ್ಪಣಿ ಕೇಳಿ ಪಡೆಯಲು, ಜೊತೆಗೆ ಊಟ ಮಾಡಲು ಯಾರೂ ಇರಲಿಲ್ಲ. ಆದ್ದರಿಂದ ಒಂದು ಓದುಕೂಟ ಕಟ್ಟಿಕೊಂಡರು. 1906ರ ಡಿಸೆಂಬರ್ 4ರಂದು ಅದೇ ಬಳಗದ ಏಳು ಜನ ‘ಆಲ್ಫಾ ಫೈ ಆಲ್ಫಾ’ ಎಂಬ ಸಂಘವನ್ನು ಹುಟ್ಟುಹಾಕಿದರು. ಮಾರ್ಟಿನ್ ಲೂಥರ್ ಕಿಂಗ್ ಮುಂದೆ ಇದೇ ಸಂಘದ ಸದಸ್ಯರಾದರು.

ಹಾಗಾದರೆ ಬಿಳಿಯರಿಗೆ ಸಂಘಗಳಿರಲಿಲ್ಲವೇ? ಬೇಕಾದಷ್ಟಿದ್ದವು. ದೊಡ್ಡ ದೊಡ್ಡ ರಾಷ್ಟ್ರೀಯ ಫ್ರೆಟರ್ನಿಟಿಗಳಲ್ಲಿ, ಅಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿ ಸಂಘಗಳಲ್ಲಿ, ಹಲವು ಬಿಳಿ ಕ್ರೈಸ್ತರಿಗೆ ಮಾತ್ರ ಸದಸ್ಯತ್ವ ಎಂದು ತಮ್ಮ ನಿಯಮಾವಳಿಯಲ್ಲೇ ಬರೆದುಕೊಂಡಿದ್ದವು. ಬಾಗಿಲ ಮೇಲೆ ಗ್ರೀಕ್ ಅಕ್ಷರ, ಒಳಗೆ ಬಿಳಿಯರು ಮಾತ್ರ. ಬಿಳಿಯರ ಸಂಘ ಎಂಬ ಬೋರ್ಡು ಬೇಕಾಗಿರಲಿಲ್ಲ, ಅಷ್ಟೇ. ಇದು ಎಷ್ಟು ಗಟ್ಟಿಯಾಗಿ ಬೇರೂರಿತ್ತೆಂದರೆ, 1953ರಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ ಇಂಥ ಭೇದ ಮಾಡುವ ಸಂಘಗಳನ್ನು ತನ್ನ ಕ್ಯಾಂಪಸ್‌ಗಳಿಂದ ಹೊರಹಾಕಲು ಹೊರಟಾಗ ಆ ಸಂಘಗಳ ಕಡೆಯವರು ಮೊಕದ್ದಮೆ ಹೂಡಿದರು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ 1954ರಲ್ಲಿ ವಿಶ್ವವಿದ್ಯಾಲಯ ಗೆದ್ದಿತು. ಇತ್ತ ಆಲ್ಫಾ ಫೈ ಆಲ್ಫಾ ಅದಕ್ಕೂ ಮೊದಲೇ, 1940ರ ದಶಕದಲ್ಲಿ, ಸದಸ್ಯತ್ವದ ನಿಯಮದಿಂದ ‘ನೀಗ್ರೋ’ ಪದವನ್ನು ತೆಗೆದುಹಾಕಿತ್ತು. ಯಾರ ಬಾಗಿಲು ಮೊದಲು ತೆರೆಯಿತು ಎಂಬುದನ್ನು ದಯವಿಟ್ಟು ಗಮನಿಸಿ.

ಇನ್ನು ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್ ಎಂಬ ಹೆಸರು. ಅದು ಮೊದಲು ಬಂದದ್ದು 1966ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ. ಎರಡು ವರ್ಷಗಳ ನಂತರ, 1968ರ ನವೆಂಬರ್ 6ರಂದು, ಅದೇ ಯೂನಿಯನ್ ಮುಷ್ಕರಕ್ಕೆ ಕರೆ ಕೊಟ್ಟಿತು. ಲ್ಯಾಟಿನೊ, ಚೀನೀ, ಫಿಲಿಪಿನೊ, ಜಪಾನಿ ಮೂಲದ ವಿದ್ಯಾರ್ಥಿಗಳ ಸಂಘಗಳು ಒಂದು ರಂಗವಾಗಿ ಜೊತೆಗೂಡಿದವು. ಬಿಳಿ ವಿದ್ಯಾರ್ಥಿಗಳೂ ದೊಡ್ಡ ಸಂಖ್ಯೆಯಲ್ಲಿ ತರಗತಿ ಬಿಟ್ಟು ಬಂದರು. ಬೇಡಿಕೆಗಳು ಹದಿನೈದು. ನಮ್ಮ ಜನರ ಚರಿತ್ರೆಯನ್ನು ಕಲಿಸುವ ವಿಭಾಗ ಬೇಕು, ನಮ್ಮ ಮಕ್ಕಳಿಗೆ ಪ್ರವೇಶ ಬೇಕು ಎಂಬುದು ಅವುಗಳ ತಿರುಳು. ಕಾಲೇಜಿನ ಹಂಗಾಮಿ ಅಧ್ಯಕ್ಷರಾಗಿ ಬಂದ ಎಸ್. ಐ. ಹಯಕಾವ ಸ್ವತಃ ಜಪಾನಿ ಮೂಲದ ಭಾಷಾತಜ್ಞರು. ಡಿಸೆಂಬರ್ 2ರಂದು ಅವರು ಪ್ರತಿಭಟನಾಕಾರರ ಟ್ರಕ್ ಹತ್ತಿ ಧ್ವನಿವರ್ಧಕದ ತಂತಿಗಳನ್ನು ಕೈಯಾರೆ ಕಿತ್ತುಹಾಕಿದರು. ಆ ದೃಶ್ಯ ಟಿವಿಯಲ್ಲಿ ದೇಶದ ತುಂಬ ಓಡಾಡಿತು. ಮುಂದೆ ಅವರು ಸೆನೆಟರ್ ಕೂಡ ಆದರು. ಮುಷ್ಕರ ಮುಗಿದದ್ದು 1969ರ ಮಾರ್ಚ್ 20ಕ್ಕೆ. ಆ ವರ್ಷವೇ ಜನಾಂಗೀಯ ಅಧ್ಯಯನದ ಶಾಲೆ ಅಲ್ಲಿ ಬಾಗಿಲು ತೆರೆಯಿತು. ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಒಂದೇ ಸಂಗತಿ. ತಮ್ಮ ತಮ್ಮ ಸಂಘಗಳಲ್ಲಿ ಕೂತು ಮಾತಾಡಿದ ಹುಡುಗರೇ ಬೇರೆಯವರ ಜೊತೆ ಸೇರಿ ನಿಂತರು. ಪ್ರತ್ಯೇಕ ಸಂಘ ಕಟ್ಟಿದರೆ ಜನ ದೂರವಾಗುತ್ತಾರೆ ಎಂಬ ಆತಂಕ ಅಲ್ಲಿ ನಿಜವಾಗಲಿಲ್ಲ.

ಆ ಆತಂಕ ಪೊಳ್ಳು ಎಂದು ನಾನು ಹೇಳುತ್ತಿಲ್ಲ. ಅದನ್ನು ಬಲವಾಗಿ ಎತ್ತಿದವರಲ್ಲಿ ಕಪ್ಪು ಚಿಂತಕರೇ ಇದ್ದರು. ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ ಮತ್ತು ಅವರ ಪತ್ನಿ ಮೇಮಿ ಕ್ಲಾರ್ಕ್ ಗೊಂಬೆಗಳನ್ನಿಟ್ಟು ಮಕ್ಕಳ ಮೇಲೆ ಮಾಡಿದ ಅಧ್ಯಯನ, ಶಾಲೆಗಳಲ್ಲಿನ ಬಣ್ಣಭೇದವನ್ನು ರದ್ದುಮಾಡಿದ 1954ರ ತೀರ್ಪಿಗೆ ಒದಗಿಬಂದಿತ್ತು. ಅದೇ ಕೆನೆತ್ ಕ್ಲಾರ್ಕ್, ಆಂಟಿಯೋಕ್ ಕಾಲೇಜು ಕಪ್ಪು ವಿದ್ಯಾರ್ಥಿಗಳಿಗೆ ಮಾತ್ರ ಎಂಬ ಅಧ್ಯಯನ ಕೇಂದ್ರಕ್ಕೆ ಒಪ್ಪಿದಾಗ, 1969ರಲ್ಲಿ ಅದರ ಆಡಳಿತ ಮಂಡಳಿಗೆ ರಾಜೀನಾಮೆ ಕೊಟ್ಟರು. ಜೀವಮಾನವಿಡೀ ಯಾವ ಗೋಡೆಯ ವಿರುದ್ಧ ಹೋರಾಡಿದರೋ ಅದೇ ಗೋಡೆಯನ್ನು ತಮ್ಮವರು ಕಟ್ಟುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿತು. ಈ ಮಾತಿನಲ್ಲಿ ನಾನು ಕ್ಲಾರ್ಕ್ ಪಕ್ಷ. ಬಣ್ಣ ನೋಡಿ ಒಬ್ಬನನ್ನು ತರಗತಿಯಿಂದ ಹೊರಗಿಡುವುದು ಯಾರು ಮಾಡಿದರೂ ತಪ್ಪು.

ಆದರೆ ಯೂನಿಯನ್ ಎಂದರೆ ತರಗತಿಯಲ್ಲ. ವಾರಕ್ಕೊಂದು ಸಂಜೆ ಸೇರುವ ಜಾಗ. ಸರ್ಕಾರದ ಹಣ ಪಡೆಯುವ ಕಾಲೇಜು ಜನಾಂಗದ ಆಧಾರದಲ್ಲಿ ಭೇದ ಮಾಡುವುದನ್ನು 1964ರ ನಾಗರಿಕ ಹಕ್ಕುಗಳ ಕಾಯ್ದೆಯೇ ನಿಷೇಧಿಸಿದೆ. ಆದ್ದರಿಂದ ಮಾನ್ಯತೆ ಪಡೆದ ಯೂನಿಯನ್‌ಗಳ ಸದಸ್ಯತ್ವ ಸಾಮಾನ್ಯವಾಗಿ ಎಲ್ಲರಿಗೂ ಮುಕ್ತ. ಹೆಸರು ಯಾರದ್ದೇ ಇರಲಿ, ಯಾರು ಬೇಕಾದರೂ ಹೋಗಿ ಕೂರಬಹುದು. ಹಣದ ವಿಷಯದಲ್ಲೂ ನಿಯಮವಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮಗೊಪ್ಪದ ಸಂಘಗಳಿಗೆ ತಮ್ಮ ಶುಲ್ಕ ಹೋಗಬಾರದೆಂದು ಕೋರ್ಟಿಗೆ ಹೋದಾಗ, ಸಂಘದ ಅಭಿಪ್ರಾಯ ನೋಡದೆ ನಿಷ್ಪಕ್ಷಪಾತವಾಗಿ ಹಂಚುವುದಾದರೆ ಶುಲ್ಕ ಪಡೆಯಬಹುದು ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಐರಿಷ್, ಇಟಾಲಿಯನ್, ಪೋಲಿಷ್ ಮೂಲದವರ ಸಂಘಗಳೂ ಇದೇ ನಿಯಮದಡಿ ನಡೆಯುತ್ತವೆ. ಅವರೆಲ್ಲ ಬಿಳಿಯರೇ. ಹಾಡು, ಊಟ, ಊರು, ನೆನಪು ಅವರಿಗೂ ಇದೆ, ಸಂಘವೂ ಇದೆ. ‘ಬಿಳಿಯರು’ ಎಂದಷ್ಟೇ ಒಗ್ಗೂಡಿದ ಸಂಘ ಅಲ್ಲಿ ಭಯ ಹುಟ್ಟಿಸುವುದೇಕೆಂದರೆ, ಆ ಒಗ್ಗಟ್ಟಿನ ಚರಿತ್ರೆಯಲ್ಲಿ ಇದ್ದದ್ದು ಬೇರೆಯವರನ್ನು ಹೊರಗಿಡುವ ಕೆಲಸವೇ. 1969ರ ಏಪ್ರಿಲ್‌ನಲ್ಲಿ ಇದೇ ಕಾರ್ನೆಲ್‌ನಲ್ಲಿ ಕಪ್ಪು ವಿದ್ಯಾರ್ಥಿನಿಯರು ವಾಸಿಸುತ್ತಿದ್ದ ಮನೆಯ ಮುಂದೆ ಯಾರೋ ಶಿಲುಬೆ ಸುಟ್ಟುಹಾಕಿದ್ದರು. ಕಪ್ಪು ಜನರನ್ನು ಹೆದರಿಸಲು ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪು ಬಳಸುತ್ತಿದ್ದ ಗುರುತು ಅದು; ಅದರ ಅರ್ಥ ಏನೆಂದು ಅಮೆರಿಕದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅದೆಲ್ಲ ಹಳೆಯ ಕಥೆ ಎನ್ನುವವರು 2006ರ ಲಾಸ್ ಏಂಜಲೀಸ್ ನೋಡಿ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ಕ್ಯಾಲಿಫೋರ್ನಿಯ 1996ರ ಜನಮತದಲ್ಲಿ ನಿಲ್ಲಿಸಿತ್ತು. ಹತ್ತು ವರ್ಷಗಳ ನಂತರ ಯುಸಿಎಲ್ಎ, ಅಂದರೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್, ಸೇರಲು ಒಪ್ಪಿದ ಸುಮಾರು 4,800 ಹೊಸ ವಿದ್ಯಾರ್ಥಿಗಳಲ್ಲಿ ಕಪ್ಪು ವಿದ್ಯಾರ್ಥಿಗಳು 96. ಸಾವಿರಾರು ಜನರ ನಡುವೆ ಅಲ್ಲೊಬ್ಬ ಇಲ್ಲೊಬ್ಬ ಎಂಬಂತೆ ಚದುರಿದ ಹುಡುಗ ಹುಡುಗಿಯರಿಗೆ ಒಂದು ಸಂಜೆ, ಒಂದು ಕೋಣೆ ಬೇಡವೇ? 2023ರ ಜೂನ್ 29ರಂದು ಹಾರ್ವರ್ಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರವೇಶದ ಮಾನದಂಡವಾಗಿ ಜನಾಂಗವನ್ನು ಬಳಸುವುದನ್ನು ಇಡೀ ದೇಶದಲ್ಲಿ ತಡೆಯಿತು. ಆ ತೀರ್ಪು ಪ್ರವೇಶದ ಕುರಿತಾದದ್ದು, ಸಂಘಗಳ ಕುರಿತಾದದ್ದಲ್ಲ. ಆದರೂ ಅದರ ಬೆನ್ನಿಗೇ ಹಲವು ರಾಜ್ಯಗಳು ಇಂಥ ಕೇಂದ್ರ, ಕಾರ್ಯಕ್ರಮಗಳನ್ನು ಕಾಲೇಜುಗಳಲ್ಲಿ ನಿರ್ಬಂಧಿಸುವ ಕಾನೂನು ತಂದವು. 2024ರಲ್ಲಿ ಯೂಟಾ ವಿಶ್ವವಿದ್ಯಾಲಯ ಕಪ್ಪು ವಿದ್ಯಾರ್ಥಿಗಳ ಸಾಂಸ್ಕೃತಿಕ ಕೇಂದ್ರವನ್ನು ಮುಚ್ಚಿತು. ಅಲ್ಲಿನ ಯೂನಿಯನ್, ಬಾಯಿ ಕಟ್ಟಿಕೊಂಡು ಇರುವುದಕ್ಕಿಂತ ಮೇಲೆಂದು, ವಿಶ್ವವಿದ್ಯಾಲಯದ ಪ್ರಾಯೋಜಕತ್ವವನ್ನೇ ಬಿಟ್ಟುಕೊಟ್ಟಿತು. ಇದನ್ನು ಸಮಾನತೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ಎಂ.ಎಸ್. ಮಾಡಲು ಆ ದೇಶಕ್ಕೆ ಹೊರಟಿದ್ದೀರಿ. ವೀಸಾ ಬರುವ ಮೊದಲೇ ಅಲ್ಲಿನ ಇಂಡಿಯನ್ ಸ್ಟೂಡೆಂಟ್ಸ್ ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪು ಸೇರಿರುತ್ತೀರಿ. ವಿಮಾನ ನಿಲ್ದಾಣಕ್ಕೆ ಕಾರು ತರುವವರು, ಮೊದಲ ವಾರ ಹಾಸಿಗೆ ಕೊಡುವವರು ಅವರೇ. ಆ ನೆರವು ನಿಮಗೆ ಅನ್ಯಾಯವೆನಿಸದಿದ್ದರೆ ಕಪ್ಪು ವಿದ್ಯಾರ್ಥಿಗಳ ಸಂಘವೂ ಅನ್ಯಾಯವೆನಿಸಬಾರದು. ಇನ್ನೊಂದು ಮಾತು. ಕ್ಯಾಲಿಫೋರ್ನಿಯ ಸ್ಟೇಟ್ ಯೂನಿವರ್ಸಿಟಿಯ ಆಗಿನ 23 ಕ್ಯಾಂಪಸ್‌ಗಳಿಗೆ ಅನ್ವಯಿಸುತ್ತಿದ್ದ ಭೇದಭಾವ ವಿರೋಧಿ ನೀತಿಗೆ 2022ರ ಜನವರಿಯಲ್ಲಿ ‘ಜಾತಿ’ ಸೇರಿತು. ಅದಕ್ಕಾಗಿ ಹೋರಾಡಿದವರಲ್ಲಿ ದಲಿತ ವಿದ್ಯಾರ್ಥಿಗಳು ಮುಂದಿದ್ದರು. ನಾವು ಹೊತ್ತೊಯ್ದ ಸಾಮಾನು ಅದು. ನಾಳೆ ನೀವೇ ಅಂಥ ಸಂಘದ ಪದಾಧಿಕಾರಿಗಳಾದಾಗ, ರೂಮ್‌ಮೇಟ್ ಹುಡುಕುವವರು ಹೆಸರಿನ ಜೊತೆ ಇನ್ನೇನೇನು ಕೇಳುತ್ತಿದ್ದಾರೆ ಎಂದು ಆ ಗುಂಪಿನ ಸಂದೇಶಗಳನ್ನು ಓದಿ ನೋಡಿ, ಬೇಡದ ಪ್ರಶ್ನೆ ಕಂಡರೆ ಅಲ್ಲೇ ತಡೆಯಿರಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳುತ್ತೇನೆ. ನಮಸ್ಕಾರ.