ಕಾರಿನ ಹಿಂಬದಿಯ ಗುರ್ ಸದ್ದು ಎಲ್ಲಿಂದ?

ಕೇಳುಗರಿಗೆಲ್ಲ ನಮಸ್ಕಾರ.

ತುಮಕೂರು ದಾಟಿ ಶಿರಾ ಕಡೆ ಹೈವೇಯಲ್ಲಿ ಹೊರಟಿದ್ದೀರಿ ಅಂದುಕೊಳ್ಳಿ. 40ರ ವೇಗದಲ್ಲಿ ಏನೂ ಇಲ್ಲ. 60 ದಾಟಿದ ಕೂಡಲೇ ಹಿಂದಿನಿಂದ ಗುರ್ ಅಂತ ಶುರುವಾಗುತ್ತದೆ. 80ಕ್ಕೆ ಹೋದರೆ ಹಿಂದೆ ಕೂತವರ ಮಾತೇ ಕೇಳಿಸುವುದಿಲ್ಲ. ಆಗ ಗ್ಯಾರೇಜಿಗೆ ಹೋಗಿ, "ಹಿಂದ್ಗಡೆ ಏನೋ ಸೌಂಡ್ ಬರ್ತಿದೆ, ಸ್ವಲ್ಪ ನೋಡಣ್ಣ" ಅನ್ನುತ್ತೇವೆ. ಇಷ್ಟನ್ನೇ ಹೇಳಿದರೆ ಮೆಕ್ಯಾನಿಕ್ ಆದರೂ ಎಲ್ಲಿಂದ ಹುಡುಕಬೇಕು? ಮೊದಲು ಟೈರ್ ಬದಲಾಗುತ್ತದೆ, ಆಮೇಲೆ ಶಾಕ್ ಅಬ್ಸಾರ್ಬರ್ ಬದಲಾಗುತ್ತದೆ. ಸದ್ದು ಮಾತ್ರ ಹಾಗೇ ಇರುತ್ತದೆ. ಕಷ್ಟಪಟ್ಟು ಸೆಕೆಂಡ್ ಹ್ಯಾಂಡ್ ಕಾರು ಕೊಂಡವರ ದುಡ್ಡು ಹೀಗೆ ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸದ್ದು ಯಾವಾಗ ಬರುತ್ತದೆ, ಯಾವುದರ ಜತೆ ಬದಲಾಗುತ್ತದೆ ಅಂತ ನಾವೇ ಗಮನಿಸಿಕೊಂಡು ಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿಯ ಬೋಲ್ಟ್ ಬಿಗಿಯಾಗಿದೆಯಾ, ಜಾಕ್ ಅದರ ಜಾಗದಲ್ಲಿ ಕೂತಿದೆಯಾ ನೋಡಿ. ಆಮೇಲೆ ಗಾಡಿ ನಿಲ್ಲಿಸಿಕೊಂಡೇ ಆಕ್ಸಿಲರೇಟರ್ ಒತ್ತಿ. ನಿಂತಲ್ಲೇ ಸದ್ದು ಬಂದರೆ ಅದು ಚಕ್ರದ್ದಲ್ಲ. ಸೈಲೆನ್ಸರ್ ನೇತುಹಾಕಿರುವ ರಬ್ಬರ್ ಹರಿದಿರಬಹುದು, ಇಲ್ಲವೇ ಅದರ ಮೇಲಿನ ತಗಡು ಸಡಿಲವಾಗಿರಬಹುದು. ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ನಿಂತಾಗ ಸದ್ದಿಲ್ಲ, ಓಡುವಾಗ ಮಾತ್ರ ಇದೆ ಅಂದರೆ ಮುಂದಿನ ಪರೀಕ್ಷೆ ರಸ್ತೆಯಲ್ಲಿ. ಒಂದೇ ವೇಗದಲ್ಲಿ, ಅಂದರೆ 60ರಲ್ಲಿ, ಒಮ್ಮೆ ನಾಲ್ಕನೇ ಗೇರ್, ಒಮ್ಮೆ ಐದನೇ ಗೇರ್ ಹಾಕಿ ನೋಡಿ. ಇಂಜಿನ್ ತಿರುಗುವ ವೇಗ ಬದಲಾಗುತ್ತದೆ, ಚಕ್ರದ್ದು ಬದಲಾಗುವುದಿಲ್ಲ. ಸಣ್ಣ ಕಾರಿನ ಚಕ್ರ ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 9 ಸುತ್ತು ತಿರುಗುತ್ತದೆ, ಗೇರ್ ಯಾವುದೇ ಇರಲಿ. ಸದ್ದೂ ಹಾಗೇ ಉಳಿದರೆ ಹುಡುಕಬೇಕಾದದ್ದು ಚಕ್ರದ ಸುತ್ತಮುತ್ತ. ಖಾಲಿ, ನೇರ ರಸ್ತೆಯಲ್ಲಿ ಕ್ಷಣಕಾಲ ನ್ಯೂಟ್ರಲ್‌ಗೆ ತಂದೂ ನೋಡಬಹುದು. ಆದರೆ ಇಂಜಿನ್ ಮಾತ್ರ ಆಫ್ ಮಾಡಬೇಡಿ. ಬ್ರೇಕು, ಸ್ಟೇರಿಂಗು ಎರಡೂ ಗಟ್ಟಿಯಾಗಿಬಿಡುತ್ತವೆ.

ಈಗ ಉಳಿಯುವವರು ಇಬ್ಬರು, ಟೈರ್ ಮತ್ತು ಚಕ್ರದ ನಡುವೆ ಕೂತು ಅದನ್ನು ಸಲೀಸಾಗಿ ತಿರುಗಿಸುವ ಬೇರಿಂಗ್. ಎಲ್ಲರೂ ತಪ್ಪು ಮಾಡುವುದು ಇಲ್ಲೇ. ಎರಡರ ಸದ್ದೂ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ.

ಟೈರ್ ಸದ್ದು ರಸ್ತೆಯ ಜತೆ ಬದಲಾಗುತ್ತದೆ. ನುಣ್ಣನೆ ಡಾಂಬರಿನ ಮೇಲೆ ಒಂದು ಥರ, ಕಾಂಕ್ರೀಟಿನ ಮೇಲೆ ಇನ್ನೊಂದು ಥರ. ಬೇರಿಂಗ್‌ಗೆ ರಸ್ತೆಯ ಹಂಗಿಲ್ಲ. ಟೈರಿನ ಮೇಲೆ ಅಂಗೈ ಇಟ್ಟು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ತಾಗಿದರೆ ಟೈರ್ ಮೇಲೆ ಅನುಮಾನ ಪಡಬೇಕು. ಒಳಗಿನ ಅಂಚನ್ನೂ ಮುಟ್ಟಿ ನೋಡಿ, ಹೊರಗೆ ನಿಂತರೆ ಅದು ಕಾಣುವುದೇ ಇಲ್ಲ. ಅಲ್ಲಲ್ಲಿ ತಗ್ಗಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಕೂಡ ನೋಡಿಸಿ. ಎಲ್ಲಾದರೂ ಉಬ್ಬು ಕಂಡರೆ ಆ ಟೈರಿನಲ್ಲಿ ಹೈವೇ ಹತ್ತಲೇಬೇಡಿ. ಪಂಕ್ಚರ್ ಅಂಗಡಿಯಲ್ಲಿ ಹಿಂದಿನ ಟೈರ್ ಮುಂದಕ್ಕೆ ಹಾಕಿಸಿದರೆ ಇನ್ನೂ ಖಚಿತ. ಸದ್ದೂ ಮುಂದಕ್ಕೆ ಬಂತಾ? ಹಾಗಾದರೆ ಟೈರೇ.

ಬೇರಿಂಗ್ ಆದರೆ ತಿರುವು ಹೇಳುತ್ತದೆ. ಕಾರು ಬಲಕ್ಕೆ ತಿರುಗುವಾಗ ಭಾರ ಎಡಗಡೆ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಅನುಮಾನ ಎಡಗಡೆ ಬೇರಿಂಗ್ ಮೇಲೆ. ಎಡಕ್ಕೆ ತಿರುಗುವಾಗ ಜಾಸ್ತಿಯಾದರೆ ಬಲಗಡೆಯದು. ದೇವರಾಯನದುರ್ಗದ ಘಾಟಿಯಲ್ಲಿ ಇದು ಸರಿಯಾಗಿ ಗೊತ್ತಾಗುವುದಿಲ್ಲ, ಅಲ್ಲಿ ಅಷ್ಟು ವೇಗವೇ ಇರುವುದಿಲ್ಲ. ಹೈವೇಯ ಉದ್ದನೆ ತಿರುವು ಬೇಕು. ಇದಕ್ಕೋಸ್ಕರ ಗಾಡಿಯನ್ನು ಅತ್ತ ಇತ್ತ ಎಳೆಯಬೇಡಿ.

ಆಮೇಲೆ ಚಕ್ರ ಎತ್ತಿ ನೋಡಬೇಕು. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಹಿಂದಿನ ಚಕ್ರ ಕೈಯಲ್ಲಿ ತಿರುಗಬೇಕಾದರೆ ಹ್ಯಾಂಡ್ ಬ್ರೇಕ್ ಬಿಡಬೇಕು. ಬಿಟ್ಟರೆ ಗಾಡಿ ಉರುಳಬಹುದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ, ಮುಂದಿನ ಚಕ್ರ ಎಳೆಯುವ ಕಾರಾದರೆ ಗೇರ್‌ನಲ್ಲಿಡಿ. ಜಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ತೂರಬಾರದು. ಒಂದು ಕೈ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಬೇರಿಂಗ್ ಕೆಟ್ಟಿದ್ದರೆ ಕಿವಿಗೆ ಕೇಳುವ ಮೊದಲೇ ಆ ನಡುಕ ಕೈಗೆ ಗೊತ್ತಾಗುತ್ತದೆ. ಚಕ್ರದ ಮೇಲ್ಭಾಗ, ಕೆಳಭಾಗ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ತಡ ಮಾಡಬೇಡಿ. ಹೀಗೇ ಓಡಿಸಿದರೆ ಚಕ್ರವೇ ಕಳಚಿಬೀಳುವ ಅಪಾಯವಿದೆ.

ಬೇರಿಂಗ್ ಒಳಗೆ ಉಕ್ಕಿನ ಗುಂಡುಗಳು ನುಣ್ಣನೆ ಉಕ್ಕಿನ ದಾರಿಯಲ್ಲಿ ಉರುಳುತ್ತವೆ. ರಸ್ತೆಯ ಹಳ್ಳಕ್ಕೆ ಚಕ್ರ ಜೋರಾಗಿ ಬಿದ್ದರೆ ಆ ದಾರಿಯಲ್ಲಿ ತಗ್ಗು ಬೀಳುತ್ತದೆ. ಮಳೆಗಾಲದಲ್ಲಿ ನಿಂತ ನೀರಿಗೆ ಇಳಿಸಿದರೆ ಸೀಲ್ ದಾಟಿ ನೀರು, ಕೆಸರು ಒಳಗೆ ಹೋಗಿ ಗ್ರೀಸ್ ಕೆಡುತ್ತದೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಇದು ಮುಚ್ಚಿದ ಬೇರಿಂಗ್. ಗ್ರೀಸ್ ತುಂಬಿ ಸರಿಮಾಡಲು ಆಗುವುದಿಲ್ಲ, ಬದಲಾಯಿಸಲೇಬೇಕು.

ಒಂದು ಸುತ್ತು ಹೋಗಿ ಬಂದ ಮೇಲೆ ಒಂದೇ ಚಕ್ರ ವಿಪರೀತ ಬಿಸಿಯಾಗಿದ್ದರೆ ಬ್ರೇಕ್ ಲೈನರ್ ಹಿಡಿದುಕೊಂಡಿದೆಯಾ ಅಂತಲೂ ನೋಡಿಸಿ. ಮಧುಗಿರಿ, ಪಾವಗಡ ಕಡೆ ಬೊಲೆರೊ ಓಡಿಸುವವರಿಗೆ ಇನ್ನೊಂದು ಮಾತು. ನಿಮ್ಮದು ಹಿಂದಿನ ಚಕ್ರ ಎಳೆಯುವ ಗಾಡಿ. ಆಕ್ಸಿಲರೇಟರ್ ಒತ್ತಿದಾಗ ಒಂದು ಸದ್ದು, ಬಿಟ್ಟಾಗ ಇನ್ನೊಂದು ಸದ್ದು ಬಂದರೆ ಹಿಂದಿನ ಡಿಫರೆನ್ಷಿಯಲ್, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಗೇರ್ ಡಬ್ಬಿಯ ಆಯಿಲ್ ಮತ್ತು ಗೇರ್ ಬಾಕ್ಸಿನಿಂದ ಅಲ್ಲಿಗೆ ಬರುವ ಉದ್ದನೆ ಪ್ರೊಪೆಲ್ಲರ್ ಶಾಫ್ಟ್ ಮೊದಲು ನೋಡಿಸಿ.

ಬೇರಿಂಗ್ ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಹೊಸದನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ಹಾಕುವಾಗಲೇ ಅದು ಪೆಟ್ಟು ತಿನ್ನುತ್ತದೆ. ಬೇರಿಂಗನ್ನು ಒತ್ತಿ ಕೂರಿಸುವ ಪ್ರೆಸ್ ಯಂತ್ರ ಇರುವ ಗ್ಯಾರೇಜ್‌ನಲ್ಲೇ ಮಾಡಿಸಿ, ನಟ್ಟನ್ನು ಟಾರ್ಕ್ ರೆಂಚ್‌ನಲ್ಲಿ ಕಂಪನಿ ಹೇಳಿದ ಅಳತೆಗೆ ಬಿಗಿಸಲು ಹೇಳಿ. ಹಳೆ ಬೇರಿಂಗ್ ಕೇಳಿ ಇಸ್ಕೊಂಡು ಬೆರಳಲ್ಲಿ ತಿರುಗಿಸಿ, ಒಳಗೆ ಮರಳು ಸಿಕ್ಕಿಕೊಂಡಂತೆ ತಡೆದು ತಡೆದು ತಿರುಗುತ್ತದಾ ನೋಡಿ. ದುಡ್ಡು ಕೊಡುವ ಮೊದಲು ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಮೆಕ್ಯಾನಿಕ್‌ನನ್ನೂ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ.